ರಾಮದುರ್ಗದಿಂದ ಬ್ಯಾಂಡಿನವರ ಗಾಡಿ ತಂದದ್ದು

ರಾಮದುರ್ಗಕ್ಕೆ ನಾವು ಮೂವರು ಹೊರಟದ್ದು ಆಷಾಢದ ಒಂದು ಮಂಗಳವಾರ, ಬೈಲಹೊಂಗಲದಿಂದ ಬೆಳಗಿನ ಮೊದಲನೆಯ ಬಸ್ಸಿಗೆ. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲ. ಅದಕ್ಕೇ ಆ ಗಾಡಿ ನಮ್ಮಂಥವರ ಕೈಗೆ ಎಟುಕಿತು. ನಾನು, ನನ್ನ ಸೊಸೆ ಗೌರವ್ವ, ಅವಳ ತಮ್ಮ ಮಲ್ಲಪ್ಪ. ಗೌರವ್ವ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಕಡಕ ರೊಟ್ಟಿ ಮಾಡಿಸಿ ಮಾರುತ್ತಾಳೆ. ಕಿತ್ತೂರಿನ ಹೆದ್ದಾರಿಯ ಖಾನಾವಳಿಯವರು ದಿನಾ ತಂದುಕೊಡಿ ಅಂದಿದ್ದರು. ಬಸ್ಸಿನಲ್ಲಿ ಒಯ್ದರೆ ಅರ್ಧ ರೊಟ್ಟಿ ಪುಡಿಯಾಗಿ ಇಳಿಯುತ್ತವೆ. ಶ್ರಾವಣ ಹತ್ತುವುದರೊಳಗೆ ಒಂದು ಗಾಡಿ ಬೇಕಾಗಿತ್ತು.

ನನ್ನನ್ನು ಬೇಡ ಅಂದರು. ಬಂದೇ ಬರುತ್ತೇನೆ ಅಂದೆ. ಗೌರವ್ವನ ಗಂಡ, ನನ್ನ ಮಗ ಸೋಮಲಿಂಗ, ಎಂಟು ವರ್ಷದ ಹಿಂದೆ ಬೇರೆಯವರ ಗಾಡಿ ಹೊಡೆಯಲು ಹೋಗಿ ಕಿತ್ತೂರಿನ ತಿರುವಿನಲ್ಲಿ ಲಾರಿಗೆ ಸಿಕ್ಕು ಸತ್ತ. ಹೆದ್ದಾರಿ ಬಂದರೂ ಅವನು ಗಾಡಿ ನಿಲ್ಲಿಸಲಿಲ್ಲ. ಕುಡಿದಿದ್ದ ಎಂದು ಊರು ಅಂದಿತು. ಅವನು ಕುಡಿಯುತ್ತಿದ್ದದ್ದು ಸುಳ್ಳಲ್ಲ. ಆದರೆ ಆ ವರ್ಷ ಗೌರವ್ವ ಪಂಚಮಿಗೆ ತವರಿಗೆ ಹೋಗುವ ಮುಂದೆ, ತನ್ನ ತಲೆಯ ಮೇಲೆ ಅವನ ಕೈ ಇಡಿಸಿ ಕುಡಿಯುವುದಿಲ್ಲ ಎಂದು ಆಣೆ ಹಾಕಿಸಿಕೊಂಡು ಹೋಗಿದ್ದಳು. ತಾನು ಬೆನ್ನು ತಿರುಗಿಸಿದ ಕೂಡಲೆ ಆಣೆ ಮುರಿದ ಎಂದು ಅವಳ ಮನಸ್ಸಿನಲ್ಲಿ ಕೂತಿತು. ಅವನ ಫೋಟೋ ಗೋಡೆಗೆ ಹಾಕಲಿಲ್ಲ. ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಹಾಕು ಎಂದು ನಾನೂ ಅನ್ನಲಿಲ್ಲ.

ಈಗ ನಮ್ಮದೇ ಗಾಡಿ ಅದೇ ದಾರಿಗೆ ದಿನಾ ಹೋಗಬೇಕು. ಅದು ಹೇಗಿದೆ ಎಂದು ನನ್ನ ಕಣ್ಣಿನಿಂದ ನೋಡಬೇಕಿತ್ತು. ನೋಡಿದರೆ ನನಗೆ ಏನೂ ತಿಳಿಯುವುದಿಲ್ಲ, ಅದು ಬೇರೆ.

ಬಸ್ಸಿಗೆ ತಲೆಗೆ ಮೂವತ್ತು ರೂಪಾಯಿ. ಯರಗಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಮಳೆ ಇಲ್ಲ, ಬರೀ ಗಾಳಿ. ಕಿಡಕಿ ಮುಚ್ಚಿದರೂ ಹಲ್ಲಿನಲ್ಲಿ ಮಣ್ಣು. ರಾಮದುರ್ಗ ಮುಟ್ಟಿದಾಗ ಹತ್ತು ಹೊಡೆದಿತ್ತು.

ಗಾಡಿ ಹೊಳೆಯ ದಾರಿಯಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಹಳೆಯ ಮಟಡೋರ್ ವ್ಯಾನು, ನಮ್ಮ ಸೋಮಲಿಂಗ ಹೊಡೆಯುತ್ತಿದ್ದಂಥದೇ. ಮದುವೆಗೆ ಬ್ಯಾಂಡು ಬಾರಿಸುವವರದು. ಬದಿಗೆ ಬರೆದ ಕಹಳೆಯ ಚಿತ್ರ ಅರ್ಧ ಅಳಿಸಿತ್ತು. ಒಳಗಿನ ಸೀಟಿನ ಮೇಲೆ ಕೋಳಿಯೊಂದು ಕಾವು ಕೂತಿತ್ತು. ಬ್ಯಾಂಡಿನ ಯಜಮಾನ ಹನಮಂತಪ್ಪ ಅದನ್ನು ಎತ್ತಿ ಕೆಳಗೆ ಬಿಟ್ಟ.

“ಈ ಗಾಡಿ ಎಷ್ಟ ಮಂದಿ ಮದಿವಿ ಮಾಡೈತಿ ಗೊತ್ತೈತೇನ ಯವ್ವಾ? ಈಗ ಎಲ್ಲಾರಿಗೂ ಕ್ಯಾಸೆಟ್ ಬೇಕು. ನಮ್ಮನ್ನ ಯಾರ ಕೇಳತಾರ?” ಅಂದ.

“ಮದಿವಿ ಇರಲಿ. ಬ್ರೇಕ್ ಹಿಡೀತೈತಿಲ್ಲೋ ಹೇಳು,” ಅಂದೆ.

“ಒಂದ ಒದಿಕಿಗೆ ಹಿಡಿಯೂದಿಲ್ಲ. ಎರಡ ಸಲ ಪಂಪ್ ಹೊಡೀಬೇಕು. ಅದಕ್ಕ ರೂಢಿ ಐತಿ.”

ಸೋಮಲಿಂಗನೂ ಹೀಗೇ ಅನ್ನುತ್ತಿದ್ದ, ಎರಡು ಸಲ ಪಂಪ್ ಹೊಡೆದರೆ ಹಿಡಿಯುತ್ತದೆ ಎಂದು. ಈ ಗಾಡಿ ಬೇಡ ಅನ್ನಲು ಹೋದೆ. ಆದರೆ ಗೌರವ್ವ ವ್ಯಾಪಾರದ ಮಾತು ಮುಗಿಸಿಬಿಟ್ಟಿದ್ದಳು.

ಮಲ್ಲಪ್ಪ ಬ್ರೇಕಿನ ಎಣ್ಣೆ ಇರುವ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಅರ್ಧಕ್ಕಿಂತ ಕಡಿಮೆ. ಹನಮಂತಪ್ಪ ಒಳಗಿನಿಂದ ಇಂಜಿನ್ ಎಣ್ಣೆಯ ಡಬ್ಬಿ ತಂದುಕೊಟ್ಟ. ಹೊಸದು, ಸೀಲು ಒಡೆದಿರಲಿಲ್ಲ. ಮಲ್ಲಪ್ಪ ಹತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನು. ಅವನು ಹೊಡೆದ ಹಳೆಯ ಟ್ರ್ಯಾಕ್ಟರಿನ ಬ್ರೇಕಿಗೆ ಎಣ್ಣೆಯ ಕೆಲಸವೇ ಇಲ್ಲ. ಇದ್ದ ಒಂದು ಎಣ್ಣೆಯನ್ನು ಬೇಕಾದಲ್ಲಿ ಹಾಕುವುದು ಅವನ ರೂಢಿ.

“ಅತ್ತಿ, ಲಾಳಿಕಿ ಹಿಡೀರಿ,” ಅಂದ.

ದಾರಿಯಲ್ಲಿ ಡೀಸೆಲ್ ಹಾಕಬೇಕಾದರೆ ಇರಲಿ ಎಂದು ಮನೆಯಲ್ಲಿ ಚಿಮಣಿ ದೀಪಕ್ಕೆ ಎಣ್ಣೆ ಸುರಿಯುವ ಹಿತ್ತಾಳೆ ಲಾಳಿಕೆಯನ್ನು ನಾನು ಚೀಲದಲ್ಲಿ ತಂದಿದ್ದೆ. ಹಿಡಿದೆ. ಅವನು ಸುರಿದ. ಒಂದು ಹನಿ ಚೆಲ್ಲಲಿಲ್ಲ.

ಹೊಳೆಯ ದಂಡೆಗೆ ಕೂತು ರೊಟ್ಟಿ, ಅಗಸಿ ಚಟ್ನಿ, ಉಳ್ಳಾಗಡ್ಡಿ ತಿಂದೆವು. ಮಲಪ್ರಭೆಯಲ್ಲಿ ನೀರು ಮೊಣಕಾಲಿನಷ್ಟು. ಮಧ್ಯಾಹ್ನ ಹೊರಟೆವು. ಗಾಡಿ ಸಪ್ಪಳ ಮಾಡುತ್ತದೆ, ಓಡುತ್ತದೆ. ಹಾರ್ನ್ ಮಾತ್ರ ಭಾರೀ. ಮಲ್ಲಪ್ಪ ಎಮ್ಮೆಗೂ ಹೊಡೆದ, ಆಡಿಗೂ ಹೊಡೆದ.

“ಬ್ಯಾಂಡಿನವರ ಗಾಡಿ ಅಲ್ಲರಿ ಅತ್ತಿ, ಉಳದದ್ದೆಲ್ಲಾ ಹೋದರೂ ಧ್ವನಿ ಹೋಗಿಲ್ಲ,” ಅಂದ. ಗೌರವ್ವ ನಕ್ಕಳು. ಅವಳು ನಕ್ಕದ್ದು ನಾನು ಬಹಳ ದಿನಕ್ಕೆ ನೋಡಿದೆ.

ಸವದತ್ತಿ ಊರು ಕಾಣುವಲ್ಲಿ ಇಳಿಜಾರಿದೆ. ಅಲ್ಲಿ ಮಲ್ಲಪ್ಪನ ಕಾಲು ಪೂರ್ತಿ ಕೆಳಗೆ ಹೋಯಿತು. ಎರಡು ಸಲ ಹೊಡೆದ, ಮೂರು ಸಲ ಹೊಡೆದ, ಹಿಡಿಯಲಿಲ್ಲ. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆ ಬದಿಯ ಕಡಿಗಲ್ಲಿನ ಗುಂಪಿಗೆ ಮುಂದಿನ ಗಾಲಿ ಹತ್ತಿಸಿ ನಿಲ್ಲಿಸಿದ. ನನ್ನ ಹಣೆ ಮುಂದಿನ ತಗಡಿಗೆ ಬಡಿಯಿತು. ರಕ್ತ ಬರಲಿಲ್ಲ. ಗೌರವ್ವ ನನ್ನ ಸೆರಗು ಹಿಡಿದದ್ದನ್ನು ಎಷ್ಟೋ ಹೊತ್ತು ಬಿಡಲಿಲ್ಲ.

ದಾರಿಗೆ ಬಂದ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಸವದತ್ತಿಯ ಹಸನಸಾಬ ಎಂಬ ಮಿಸ್ತ್ರಿಯ ಅಂಗಡಿಗೆ ತಂದೆವು. ವಯಸ್ಸಾದ ಮನುಷ್ಯ, ಒಬ್ಬನೇ ಕೆಲಸ ಮಾಡುತ್ತಾನೆ. ಹಿಂದಿನ ಗಾಲಿ ಬಿಚ್ಚಿ, “ಇಲ್ಲಿ ಸೋರಿ ಸೋರಿ ಖಾಲಿ ಆಗೈತಿ,” ಅಂದ. ಆಮೇಲೆ ಮುಂದಿನ ಡಬ್ಬಿಯಲ್ಲಿ ಬೆರಳು ಅದ್ದಿ ತಿಕ್ಕಿದ. ಮೂಸಿದ. ಮುಖ ಬದಲಾಯಿತು.

“ಇದರಾಗ ಇಂಜಿನ್ ಎಣ್ಣಿ ಸುರದವರು ಯಾರು?”

“ನಾನ. ಇವತ್ತ ಮುಂಜಾನೆ,” ಅಂದ ಮಲ್ಲಪ್ಪ. “ಎರಡೂ ಎಣ್ಣಿನ ಅಲ್ಲೇನರಿ?”

“ನಿಮ್ಮವ್ವ ಕುಸುಬಿ ಎಣ್ಣಿ ಬದಲಿ ಚಿಮಣಿ ಎಣ್ಣಿ ಒಗ್ಗರಣಿ ಹಾಕ್ಯಾಳೇನು? ಅದೂ ಎಣ್ಣಿನ.”

ಹಸನಸಾಬ ಒಂದು ಡಬ್ಬಿಯಿಂದ ಎರಡು ರಬ್ಬರ್ ತುಂಡು ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಚಿಕ್ಕ ಟೋಪಿಯಂಥವು. ಬ್ರೇಕ್ ಒತ್ತಿದಾಗ ಎಣ್ಣೆಯನ್ನು ತಡೆದು ಹಿಡಿಯುವುದು ಅವೇ ಅಂತೆ. ಒಂದು ಹೊಸದು, ಗಟ್ಟಿ. ಇನ್ನೊಂದು ಬೇರೆ ಯಾವುದೋ ಗಾಡಿಯದು. ಉಬ್ಬಿ, ನೆನೆದ ಕಡಲೆಯ ಹಾಗೆ ಮೆತ್ತಗಾಗಿತ್ತು.

“ಇದು ಇಂಜಿನ್ ಎಣ್ಣಿ ಕುಡದದ್ದು. ಹಾಕಿದ ದಿವಸ ಬ್ರೇಕ್ ಛಲೋನ ಹಿಡೀತೈತಿ. ಮಂದಿ ಖುಷಿ ಆಗತಾರ. ಒಳಗ ರಬ್ಬರ್ ಉಬ್ಬಕೋತ ಹೋಗತೈತಿ. ಆಮ್ಯಾಲ ಎಲ್ಲೋ ಒಂದ ಕಡೆ ಪೂರಾ ಕೈ ಬಿಡತೈತಿ.”

“ಎಷ್ಟ ದಿವಸಕ್ಕ?” ಎಂದು ನಾನು ಕೇಳಿದೆ.

“ಎರಡು, ಮೂರು. ಯಾಕರಿ ಅವ್ವಾರ?”

“ಸುಮ್ಮನ ಕೇಳಿದೆ.”

ಸುಮ್ಮನೆ ಕೇಳಿರಲಿಲ್ಲ. ಆ ಪಂಚಮಿಯ ಸೋಮವಾರ ಮುಂಜಾನೆ ನಮ್ಮ ಮನೆಯ ಮುಂದೆ ಸೋಮಲಿಂಗ ಗಾಡಿಯ ಅದೇ ಡಬ್ಬಿಯ ಮುಚ್ಚಳ ತೆಗೆದಿದ್ದ. ಅವನೂ ಮೊದಲು ಟ್ರ್ಯಾಕ್ಟರ್ ಹೊಡೆದವನೇ. “ಯವ್ವಾ, ಲಾಳಿಕಿ ಹಿಡಿ,” ಅಂದ. ಹಿಡಿದೆ. ಇದೇ ಲಾಳಿಕೆ. ಇಂಜಿನ್ ಎಣ್ಣೆ ಸುರಿದ. ಸಂಜೆ ಬಂದು, ಈಗ ಒಂದೇ ಒದೆತಕ್ಕೆ ಹಿಡಿಯುತ್ತದೆ ಎಂದು ಹೇಳಿದ. ಬುಧವಾರ ಸತ್ತ.

ಅವನು ಹೊಡೆಯುತ್ತಿದ್ದ ಆ ಗಾಡಿಗೆ ಶ್ರಾವಣದ ಪೂಜೆ ಮಾಡಿಸಿ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟಿದ್ದೆವು, ಅದನ್ನೂ ಹೇಳಿಬಿಡುತ್ತೇನೆ.

ಗೌರವ್ವ ಅಲ್ಲೇ ನಿಂತು ಮಿಸ್ತ್ರಿಯ ಮಾತನ್ನೆಲ್ಲ ಕೇಳಿದಳು. ಆದರೆ ಆ ಸೋಮವಾರ ಅವಳು ತವರಿನಲ್ಲಿದ್ದಳು. ಅವಳಿಗೆ ಅದು ಬರೀ ಗಾಡಿಯ ಮಾತು.

ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದೆವು. ಮರುದಿನ ಹಸನಸಾಬ ನಾಲ್ಕೂ ಗಾಲಿಯ ರಬ್ಬರ್ ಬದಲಿಸಿದ. ಎಣ್ಣೆ ಹರಿಯುವ ಕೊಳವೆಗಳನ್ನು ಸ್ಪಿರಿಟ್ಟಿನಿಂದ ಮೂರು ಸಲ ತೊಳೆದ. ನಿಜವಾದ ಬ್ರೇಕ್ ಎಣ್ಣೆ ಹಾಕಿದ. ಕೊಳವೆಯೊಳಗೆ ಸಿಕ್ಕ ಗಾಳಿಯನ್ನು ಹೊರಗೆ ತೆಗೆಯಬೇಕು, ಅದಕ್ಕೆ ಒಬ್ಬರು ಮೇಲೆ ಕೂತು ಬ್ರೇಕ್ ಒತ್ತಬೇಕು. ಮಲ್ಲಪ್ಪ ಟೈರಿನ ಟ್ಯೂಬಿಗೆ ಪೇಟೆಗೆ ಹೋಗಿದ್ದ. ಗೌರವ್ವನ ಕಾಲು ಅಷ್ಟು ಉದ್ದಕ್ಕೆ ನಿಲುಕಲಿಲ್ಲ. ನಾನು ಎತ್ತರದವಳು. ಚಪ್ಪಲಿ ಬಿಟ್ಟು ಹತ್ತಿ ಕೂತೆ.

“ಒತ್ತರಿ,” ಎಂದು ಕೆಳಗಿನಿಂದ ಹಸನಸಾಬ. “ಹಿಡೀರಿ. ಬಿಡಬ್ಯಾಡ್ರಿ… ಹಾಂ, ಬಿಡ್ರಿ.”

ಗಾಳಿ ಬುಸ್ ಎಂದು ಹೋಗುತ್ತದೆ, ಆಮೇಲೆ ಮತ್ತೆ ಒತ್ತು. ನಾಲ್ಕು ಗಾಲಿಗೆ ಒಂದೂವರೆ ತಾಸು ಹಿಡಿಯಿತು. ಮೊದಮೊದಲು ಕಾಲು ನೆಲದ ತನಕ ಹೋಗುತ್ತಿತ್ತು. ಕೊನೆಗೆ ಅರ್ಧಕ್ಕೇ ಕಲ್ಲಿನ ಹಾಗೆ ನಿಂತಿತು. ಆದರೂ ಕಾಲು ಒತ್ತಿಯೇ ಹಿಡಿದೆ. ತೆಗೆಯಲಿಲ್ಲ.

“ಸಾಕರಿ ಅವ್ವಾರ, ಆತು. ನೀವೇನ ಗಾಡಿ ಕೂಡ ಜಗಳ ತಗದೀರೇನ?” ಎಂದು ಹಸನಸಾಬ ಎದ್ದು ಬಂದು ನೋಡಿದ. ಆಗ ನಾನು ಕಣ್ಣು ಒರೆಸಿಕೊಂಡೆ. ಸ್ಪಿರಿಟ್ಟಿನ ವಾಸನೆ ಎಂದೆ.

ಎಲ್ಲಮ್ಮನ ಗುಡ್ಡಕ್ಕೆ ಹತ್ತಿಸಿ ಇಳಿಸಿಕೊಂಡು ಬನ್ನಿ, ಅದೇ ಪರೀಕ್ಷೆ ಅಂದ. ಹೋದೆವು. ಗೌರವ್ವ ದರ್ಶನ ಮಾಡಿ ಅರಿಷಿಣದ ಭಂಡಾರ ತಂದು ಸ್ಟಿಯರಿಂಗಿಗೆ ಹಚ್ಚಿದಳು. ಇಳಿಯುವಾಗ ಮಲ್ಲಪ್ಪ ಏಳು ಕಡೆ ನಿಲ್ಲಿಸಿ ನೋಡಿದ. ಏಳೂ ಕಡೆ ನಿಂತಿತು.

ಬೈಲಹೊಂಗಲದಲ್ಲಿ ಎಂಟು ದಿನ ಹೋಯಿತು. ಎರಡು ಟೈರು, ಹಿಂದಿನ ದೀಪ, ಮಳೆಗೆ ಗಾಜು ಒರೆಸುವ ಕಡ್ಡಿ, ತುಕ್ಕು ತಿಂದ ತಳದ ತಗಡು. ಆಮೇಲೆ ಆರ್.ಟಿ.ಓ.ದವರಿಂದ ಪಾಸಿಂಗ್ ಮಾಡಿಸಿದೆವು. ಆ ಎಂಟೂ ದಿನ ನನ್ನ ತಲೆಯಲ್ಲಿ ಒಂದೇ ಮಾತು. ನಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗೌರವ್ವ ನನ್ನ ಕೈಗೆ ರೊಟ್ಟಿ ಕೊಡುತ್ತಾಳೆ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಅದು ನಡೆದುಕೊಂಡು ಹೋಗುತ್ತದೆ. ಮಗ ಕುಡುಕನಾಗಿ ಉಳಿಯುತ್ತಾನೆ. ಸತ್ತವನಿಗೆ ಏನಾಗಬೇಕು ಎಂದೂ ಅಂದುಕೊಂಡೆ. ನಿದ್ದೆ ಬರಲಿಲ್ಲ.

ಒಂಬತ್ತನೆಯ ದಿನ ಬುಟ್ಟಿಗಳಲ್ಲಿ ರೊಟ್ಟಿ ತುಂಬಿಕೊಂಡು ಕಿತ್ತೂರಿಗೆ ಹೊರಟೆವು. ಜಿಟಿಜಿಟಿ ಮಳೆ. ಮುಂದೆ ಮಲ್ಲಪ್ಪ, ನಡುವೆ ಗೌರವ್ವ, ಕಿಡಕಿಗೆ ನಾನು. ಹೆದ್ದಾರಿ ಅಗಲ ಮಾಡಲು ಹತ್ತಿದ್ದರು. ಸೋಮಲಿಂಗನ ಗಾಡಿ ಬಿದ್ದಿದ್ದ ಜಾಗದ ಹುಣಸೆ ಮರ ಕಡಿದುಬಿಟ್ಟಿದ್ದರು. ಇದೇನೋ, ಅದೇನೋ, ಗುರುತು ಹತ್ತಲಿಲ್ಲ. ಎಂಟು ವರ್ಷ ಆ ಮರ ನನ್ನ ಕಣ್ಣಿನಲ್ಲಿತ್ತು.

ತಿರುವಿಗೆ ರಸ್ತೆ ಇಳಿಯಿತು. ಮಲ್ಲಪ್ಪ ಬ್ರೇಕ್ ಒತ್ತಿದ. ಒಂದೇ ಸಲ. ಗಾಡಿ ಹೆದ್ದಾರಿಗೆ ನಾಲ್ಕು ಮಾರು ಈಚೆಗೆ ನಿಂತಿತು. ಮುಂದೆ ಲಾರಿಗಳು ಹೋದವು, ಒಂದರ ಹಿಂದೆ ಒಂದು.

“ಗೌರವ್ವಾ,” ಅಂದೆ. “ಸೋಮ್ಯಾ ಅವತ್ತ ಕುಡದಿದ್ದನೋ ಇಲ್ಲೋ ನನಗ ಗೊತ್ತಿಲ್ಲ. ಆದರ ಅವನ ಗಾಡಿಗೆ ಬ್ರೇಕ್ ಇದ್ದಿಲ್ಲ. ಸೋಮವಾರ ಇಂಜಿನ್ ಎಣ್ಣಿ ಹಾಕಿದ್ದ. ಬುಧವಾರ ಹ್ವಾದ. ಲಾಳಿಕಿ ನಾ ಹಿಡದಿದ್ದೆ.”

ಮಲ್ಲಪ್ಪ ಇಂಜಿನ್ ಬಂದ್ ಮಾಡಿದ. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು.

“ಯಾವ ಲಾಳಿಕಿ?” ಅಂದಳು.

ಚೀಲದಿಂದ ತೆಗೆದು ತೋರಿಸಿದೆ. ಎಂಟು ವರ್ಷ ಅವಳು ಅದರಿಂದಲೇ ಚಿಮಣಿ ಎಣ್ಣೆ ಹಾಕಿದ್ದಾಳೆ.

ಅವಳು ನನ್ನನ್ನು ದಾಟಿ ಕೆಳಗಿಳಿದಳು. ಮಳೆಯಲ್ಲಿ ಸ್ವಲ್ಪ ಹೊತ್ತು ಹೆದ್ದಾರಿಯ ಕಡೆ ಮುಖ ಮಾಡಿ ನಿಂತಳು. ಆಮೇಲೆ ಹಿಂದಿನ ಬಾಗಿಲು ತೆಗೆದು ಬುಟ್ಟಿಗಳ ನಡುವೆ ಕೂತಳು. ಖಾನಾವಳಿಗಳಿಗೆ ರೊಟ್ಟಿ ಇಳಿಸುವಾಗ ಗಿರಾಕಿಗಳ ಜೊತೆ ನಗುತ್ತಲೇ ಮಾತಾಡಿದಳು. ಒಂದು ರೊಟ್ಟಿಯೂ ಮುರಿದಿರಲಿಲ್ಲ. ತಿರುಗಿ ಬರುವಾಗಲೂ ಹಿಂದೆಯೇ ಕೂತಳು. ಮಲ್ಲಪ್ಪ ಹಾರ್ನ್ ಹೊಡೆಯಲಿಲ್ಲ.

ಬೈಲಹೊಂಗಲಕ್ಕೆ ಬಂದಾಗ ಮಧ್ಯಾಹ್ನ ಎರಡು. ಮಳೆ ನಿಂತಿತ್ತು. ಮನೆಯ ಮುಂದೆ ಸ್ವಲ್ಪ ಇಳುಕಲಿದೆ. ನಾನು ಕಲ್ಲು ತಂದು ಗಾಲಿಗೆ ಇಡಲು ಹೋದೆ.

“ಬ್ಯಾಡರಿ ಅತ್ತಿ, ಈಗ ಬ್ರೇಕ್ ಹಿಡೀತೈತಿ,” ಅಂದ ಮಲ್ಲಪ್ಪ.

“ಗೊತ್ತೈತಿ,” ಎಂದು ಇಟ್ಟೆ.

ತಲೆ ಎತ್ತಿದರೆ ಗೌರವ್ವ ನಿಂತಿದ್ದಳು.

“ಆ ಬುಧವಾರ ಹೋಗುವಾಗ ಅವರು ಏನ ಉಂಡಿದ್ದರು?” ಎಂದು ಕೇಳಿದಳು. ಎಂಟು ವರ್ಷದಲ್ಲಿ ಅವನ ಬಗ್ಗೆ ಅವಳು ಕೇಳಿದ್ದು ಅದೊಂದೇ.

“ರೊಟ್ಟಿ, ಮೊಸರು. ಪಂಚಮಿ ಉಂಡಿ ಕೊಟ್ಟೆ, ಬ್ಯಾಡ ಅಂದ. ನೀ ತವರಿಂದ ತರತಿ, ಅವನ್ನ ತಿಂತೇನಿ ಅಂದ.”

ಅವಳು ನನ್ನ ಕೈಯಿಂದ ಚೀಲ ಇಸಿದುಕೊಂಡಳು. ಲಾಳಿಕೆ ಅದರಲ್ಲೇ ಇತ್ತು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸೀರೆಯ ಟ್ರಂಕಿನ ಮುಚ್ಚಳ ಎತ್ತಿದ ಸಪ್ಪಳ ಕೇಳಿಸಿತು.

ನಾನು ಒಳಗೆ ಹೋಗಲಿಲ್ಲ. ಗಾಡಿಯ ನೆರಳಿಗೆ, ಆ ಕಲ್ಲಿನ ಹತ್ತಿರ ಕೂತೆ.