ಭೀಮಸಮುದ್ರದಿಂದ ಸ್ವಿಟ್ಜರ್ಲೆಂಡಿಗೆ ದಾರಿ ಬರೆದ ಚಿತ್ತಯ್ಯ

ಬೆಳಗಿನ ಐದೂಕಾಲು. ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹಿರಿಯೂರಿನ ಮೊದಲ ಬಸ್ಸು ಗುರುಗುಟ್ಟುತ್ತ ನಿಂತಿದೆ. ವಿಚಾರಣೆಯ ಕಿಟಕಿಯೊಳಗೆ ಚಿತ್ತಯ್ಯ ಒದ್ದೆ ಬಟ್ಟೆಯಿಂದ ಕಪ್ಪುಹಲಗೆ ಒರೆಸಿ, ಹೊಸದುರ್ಗ, ಹೊಳಲ್ಕೆರೆ ಬಸ್ಸುಗಳ ಹೊತ್ತು ಬರೆಯುತ್ತಿದ್ದಾರೆ. ಅಷ್ಟರಲ್ಲಿ ಮಾಡದಕೆರೆಯ ಗಂಡಹೆಂಡತಿ ಬಂದು ಹಂಪಿಗೆ ಹೋಗುವ ದಾರಿ ಕೇಳುತ್ತಾರೆ. ಚಿತ್ತಯ್ಯ ಬಸ್ಸಿನ ಮಾತನ್ನೇ ಎತ್ತುವುದಿಲ್ಲ. ಕಂಕುಳಲ್ಲಿರುವ ಕೂಸಿಗೆ ಎಷ್ಟು ತಿಂಗಳು, ಬಸ್ಸಿನಲ್ಲಿ ವಾಂತಿ ಮಾಡುತ್ತದೆಯೇ ಎಂದು ವಿಚಾರಿಸುತ್ತಾರೆ. ಆಮೇಲೆ ರದ್ದಿ ಹಾಳೆಯ ಬೆನ್ನಿಗೆ ನಾಲ್ಕು ಸಾಲು ಗೀಚಿ ಕೊಡುತ್ತಾರೆ. “ಕೂಡ್ಲಿಗೀಲಿ ಒಂದು ಗಂಟೆ ಇಳೀರಿ. ಕೂಸಿಗೆ ಗಾಳಿ ಆಡ್ಲಿ. ಹಿಂದೆ ಬರೋ ಬಸ್ಸು ಹತ್ತಿದ್ರಾತು, ಹಂಪಿ ಎಲ್ಲಿಗೂ ಹೋಗಲ್ಲ.”

ದಿನಕ್ಕೆ ನೂರೆಪ್ಪತ್ತು ಬಸ್ಸು, ಕಡಿಮೆಯೆಂದರೂ ಮುನ್ನೂರು ಪ್ರಶ್ನೆ. ನಲವತ್ತಾರರ ಚಿತ್ತಯ್ಯ ಹತ್ತು ವರ್ಷದಿಂದ ಈ ಕಿಟಕಿಯಲ್ಲಿದ್ದಾರೆ. ಬೆಂಗಳೂರಿನಿಂದಾಚೆ ಕಾಲಿಟ್ಟವರಲ್ಲ. ಆದರೆ ಕಳೆದ ವರ್ಷ, ೧೯೭೭ರ ಜೂನಿನಲ್ಲಿ, ಭೀಮಸಮುದ್ರದ ಒಂದು ಮನೆಯ ಎಂಟು ಮಂದಿ ಸ್ವಿಟ್ಜರ್ಲೆಂಡಿನಲ್ಲಿ ಹದಿನೈದು ದಿನ ಸುತ್ತಾಡಿ ಬಂದದ್ದು ಇವರ ಚೀಟಿ ಹಿಡಿದು.

ಚಿತ್ತಯ್ಯ ಹಿರಿಯೂರು ಸೀಮೆಯ ಗೊಲ್ಲರಹಟ್ಟಿಯವರು. ತಂದೆ ಎತ್ತಪ್ಪ ಬೇಸಿಗೆಗೆ ಕುರಿಮಂದೆ ಹೊಡೆದುಕೊಂಡು ಭದ್ರೆಯ ಬಯಲಿನತ್ತ ಹೊರಟರೆ ಇವರೂ ಸ್ಕೂಲು ಬಿಟ್ಟು ಹಿಂದೆಯೇ ನಡೆಯಬೇಕಿತ್ತು. “ಈದ ಕುರಿ ಎಷ್ಟು ನಡೀತದೋ ಮಂದೆಗೆ ಅವತ್ತು ಅಷ್ಟೇ ದಾರಿ. ನಮ್ಮಪ್ಪ ಕಲಿಸಿದ್ದು ಅದೊಂದೇ” ಎನ್ನುತ್ತಾರೆ. ಎರಡನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ದಾಟಿ, ಕಂಡಕ್ಟರಾಗಿ ಒಂಬತ್ತು ವರ್ಷ ದುಡಿದರು. ಬಸ್ಸು ಮಗುಚಿ ಬಲಗಾಲು ಮುರಿದ ಮೇಲೆ ಈ ಕುರ್ಚಿಗೆ ಬಂದರು. ಮೊದಮೊದಲು ಕೂತಲ್ಲೇ ಕೂತು ಬೇಸರವಾಗುತ್ತಿತ್ತಂತೆ. ಊರಿಂದೂರಿಗೆ ಹೋಗುವವರ ತಾಪತ್ರಯ ಕೇಳುತ್ತ ಕೇಳುತ್ತ ಅದು ಕರಗಿತು.

ಭೀಮಸಮುದ್ರದ ಅಡಿಕೆ ವ್ಯಾಪಾರಿ ಮೂರ್ತಪ್ಪ ಎಲ್ಲಿಗೆ ಹೊರಟರೂ ಇವರ ಚೀಟಿಯಿಲ್ಲದೆ ಹೊರಟವರಲ್ಲ. ಅವರ ಅಳಿಯ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಔಷಧ ಕಾರ್ಖಾನೆಯಲ್ಲಿದ್ದಾನೆ. ಮಗಳು ಚಂದ್ರಕ್ಕನಿಗೆ ಹೆರಿಗೆಯಾಗಿತ್ತು. ಎಲ್ಲರೂ ಬನ್ನಿ, ದೇಶ ತೋರಿಸುತ್ತೇನೆ ಎಂದು ಅಳಿಯ ಕಾಗದ ಬರೆದ. ಜೊತೆಗೆ ಇಟ್ಟಿಗೆಯಷ್ಟು ದಪ್ಪದ ರೈಲು ವೇಳಾಪಟ್ಟಿ, ಹದಿನೈದು ದಿನಕ್ಕೆ ಹನ್ನೊಂದು ಊರುಗಳ ಯಾದಿ. ಅದನ್ನು ನೋಡಿದ್ದೇ ಮನೆಯವರು ಒಂದು ತೀರ್ಮಾನಕ್ಕೆ ಬಂದರು: ಮೂರ್ತಪ್ಪನವರ ತಾಯಿ, ಎಪ್ಪತ್ತೊಂದರ ಏಕಾಂತಮ್ಮನವರನ್ನು ಹೊಳಲ್ಕೆರೆಯ ನೆಂಟರಲ್ಲಿ ಬಿಟ್ಟು ಹೋಗುವುದು. ಮಂಡಿನೋವಿನ ಮುದುಕಿ ಅಷ್ಟು ಓಡಾಡುವುದು ಆಗದ ಮಾತು.

ರೈಲಿನ ಹೊತ್ತು ಹೊಂದಿಸಿಕೊಡಿ ಎಂದು ಬಂದ ಮೂರ್ತಪ್ಪನವರನ್ನು ಚಿತ್ತಯ್ಯ ಕೇಳಿದ್ದು ಒಂದೇ ಮಾತು, ಚಂದ್ರಕ್ಕನ ಕೂಸನ್ನು ನೋಡುವ ಆಸೆ ಮನೆಯಲ್ಲಿ ಯಾರಿಗೆ ಹೆಚ್ಚೆಂದು. ತಾಯಿಗೆ ಎಂದರು ಮೂರ್ತಪ್ಪ. “ಹಂಗಾರೆ ಅಮ್ಮನ್ನೂ ಸೇರ್ಸಿ ಬರೀತೀನಿ ಸಾವ್ಕಾರ್ರೆ. ಆಗ್ಲಿಲ್ಲ ಅಂದ್ರೆ ಆಮ್ಯಾಲೆ ಬಿಡಾಣ.”

ಮೂರು ತಿಂಗಳು ಮಧ್ಯಾಹ್ನದ ಬಿಡುವಿನಲ್ಲೆಲ್ಲ ಆ ವೇಳಾಪಟ್ಟಿಯೇ ಅವರ ಎದುರಿಗೆ. “ಅಕ್ಷರ ಗೊತ್ತಾಗಲ್ಲ, ಅಂಕಿ ಗೊತ್ತಾಗ್ತವೆ.” ಕೆಲವು ರೈಲುಗಳ ಮುಂದೆ ಜೋಡಿ ಸುತ್ತಿಗೆಯ ಗುರುತಿತ್ತು. ಕೆಲಸದ ದಿನ ಮಾತ್ರ ಓಡುವ ಗಾಡಿಯಿರಬೇಕೆಂದು ಊಹಿಸಿ ಅಳಿಯನಿಗೆ ಬರೆದರು. ಹೌದೆಂದು ಉತ್ತರ ಬಂತು. ಕೆಲವು ಕಡೆ ರೈಲು ಬದಲಿಸಲು ನಾಲ್ಕೇ ನಿಮಿಷವಿತ್ತು. ಒಂದು ಭಾನುವಾರ ಚಿತ್ತಯ್ಯ ಇಡೀ ಮನೆಯವರನ್ನು ಪೆಟ್ಟಿಗೆ ಸಮೇತ ಚಿಕ್ಕಜಾಜೂರು ಜಂಕ್ಷನ್ನಿಗೆ ಕರೆದೊಯ್ದರು. ಮೇಲುಸೇತುವೆ ಹತ್ತಿ ಆಚೆ ಪ್ಲಾಟ್‌ಫಾರಂಗೆ ಇಳಿಯಲು ಹೇಳಿ ಗಡಿಯಾರ ಹಿಡಿದು ನಿಂತರು. ಏಕಾಂತಮ್ಮ ಮೆಟ್ಟಿಲ ಮೇಲೆ ಎರಡು ಸಲ ಕೂತೆದ್ದು, ಹನ್ನೊಂದು ನಿಮಿಷ ತೆಗೆದುಕೊಂಡರು. ಕೆಳಗಿಳಿದವರು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಬಿಟ್ಟೋಗ್ರಪ್ಪ ನನ್ನ” ಎಂದರು.

ಚಿತ್ತಯ್ಯ ಹನ್ನೊಂದು ನಿಮಿಷವೆಂದು ಬರೆದುಕೊಂಡರು. ಅರ್ಧ ಗಂಟೆಗಿಂತ ಕಡಿಮೆ ಬಿಡುವಿರುವ ಬದಲಾವಣೆಗಳನ್ನೆಲ್ಲ ಹೊಡೆದುಹಾಕಿದರು. ಹನ್ನೊಂದು ಊರು ಮೂರಕ್ಕಿಳಿಯಿತು: ಅಳಿಯನ ಮನೆಯಿರುವ ಬಾಸೆಲ್, ಸರೋವರದ ಊರು ಲೂಸರ್ನಿನಲ್ಲಿ ನಾಲ್ಕು ದಿನ, ನಡುವೆ ಬರ್ನ್ ಒಂದು ದಿನ. ಬೆಟ್ಟದ ರೈಲು ಹತ್ತುವವರು ಹತ್ತಲಿ, ಉಳಿದವರು ಕೆಳಗಿರಲಿ ಎಂದು ಬರೆದರು. ಲೂಸರ್ನಿನ ಮೂರನೆಯ ದಿನದ ಮುಂದೆ ಏನೂ ಬರೆಯಲಿಲ್ಲ. ಅಷ್ಟು ದೂರ ಹೋಗಿ ಸುಮ್ಮನೆ ಕೂರುವುದೇ ಎಂದು ಮೂರ್ತಪ್ಪ ಸಿಡುಕಿ, ವಾರಗಟ್ಟಲೆ ಕಿಟಕಿಯ ಕಡೆ ಸುಳಿಯಲಿಲ್ಲ. ಕೊನೆಗೆ ಚೀಟಿ ಒಯ್ದವರು ಅವರ ಹೆಂಡತಿ. ಅತ್ತೆಯನ್ನು ಬಿಟ್ಟು ತಾನು ಬರುವುದಿಲ್ಲವೆಂದು ಅವರು ಹಟ ಹಿಡಿದಿದ್ದರಂತೆ.

ಹೀಗೆ ಏಕಾಂತಮ್ಮನೂ ಸೇರಿ ಎಂಟು ಮಂದಿ ಹೊರಟರು. ಬರ್ನಿನಲ್ಲಿ ಮನೆಯ ಮಕ್ಕಳು ಊರೊಳಗೇ ಸಾಕಿದ ಕರಡಿಗಳ ಮುಂದೆ ನಿಂತು ಮೈಮರೆತರು, ರೈಲು ತಪ್ಪಿತು. ಮೂರ್ತಪ್ಪ ಗಾಬರಿಯಾಗಿ ಚೀಟಿ ತೆಗೆದರೆ ಪ್ರತಿ ಗಾಡಿಯ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಅದರ ಹಿಂದೆ ಬರುವ ಗಾಡಿಯ ಹೊತ್ತು. ಮನೆಯವರೆಲ್ಲ ಬೆಂಚಿನ ಮೇಲೆ ಕೂತು ಅವಲಕ್ಕಿ ತಿಂದು ಆ ಗಾಡಿ ಹತ್ತಿದರು. ಈ ಕತೆ ಹೇಳುವಾಗ ಚಿತ್ತಯ್ಯ ನಗುತ್ತಾರೆ, “ಕರಡಿ ನೋಡಾಕೆ ನಮ್ಮ ಜೋಗಿಮಟ್ಟಿ ಕಾಡು ಸಾಲದಾಗಿತ್ತೇನು?” ತಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ಕತ್ತಲಾಗುತ್ತದೆಂದು ಚೀಟಿಯಲ್ಲಿ ದಿನವೂ ಸಂಜೆ ಆರಕ್ಕೆ ಎಲ್ಲರನ್ನೂ ಮನೆ ಸೇರಿಸಿದ್ದರು. “ಅಲ್ಲಿ ಒಂಬತ್ತಾದ್ರೂ ಹೊತ್ತು ಮುಳುಗಲ್ವಂತೆ. ಮೂರು ಮೂರು ತಾಸು ಬೆಳಕು ಹಾಳು ಮಾಡ್ದೆ.”

ಊರಿಗೆ ಬಂದ ಮರುವಾರ ಏಕಾಂತಮ್ಮ ತಾವೇ ಬಸ್ಸು ಹತ್ತಿ ಕಿಟಕಿಗೆ ಬಂದರು. ಏನೂ ಬರೆಯದ ಆ ದಿನ ಸರೋವರದ ದಂಡೆಯಲ್ಲಿ ಮರಿಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಂಜೆಯವರೆಗೆ ಕೂತಿದ್ದರಂತೆ. “ಅವತ್ತೊಂದಿನ ಯಾರೂ ನನ್ನ ಏಳಮ್ಮ ಅನ್ಲಿಲ್ಲ ಕಣಪ್ಪ” ಎಂದಷ್ಟೇ ಹೇಳಿದರು.

ಆ ದೇಶ ನೋಡುವ ಆಸೆಯಿಲ್ಲವೇ ಎಂದರೆ ಚಿತ್ತಯ್ಯ ಇಲ್ಲವೆಂದು ತಲೆಯಾಡಿಸುತ್ತಾರೆ. ಮೇಲಿನವರಿಗೆ ಎರಡು ಅರ್ಜಿ ಬರೆದಿದ್ದಾರೆ, ಬೇರೆಯದಕ್ಕೆ. “ಈ ಕಿಟಕಿ ಮುಂದೆ ಒಂದು ಬೆಂಚು ಹಾಕಿಸ್ಲಿ ಸಾಕು. ನಿಂತೋರು ಬಸ್ಸಿನ ಟೈಮು ಕೇಳಿ ಹೋಗ್ತಾರೆ. ಕುಂತ್ಕಂಡ್ರೆ, ಮನೇಲಿ ಯಾರಿಗೆ ಕಾಲು ನೋವೈತೆ ಅನ್ನೋದನ್ನೂ ಹೇಳ್ತಾರೆ.”