ಕುಂಕುಮ ಹತ್ತಿದ ಪಿಯಾಸ್ತರ್

ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದರು. ಹಳೆಯ ನೋಟುಗಳ ಹುಚ್ಚು ನನಗೆ ಮೊದಲಿಂದಲೂ ಇದೆ. ಫ್ರೆಂಚರು ತಾವು ಆಳಿದ ನಾಡುಗಳಲ್ಲಿ ಹರಡಿದ ಕಾಗದದ ಹಣದ ಕಥೆ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಒಪ್ಪದಿದ್ದರೆ ಒಬ್ಬ ಗೆಳತಿಯಾದರೂ ಉಳಿಯುತ್ತಿದ್ದಳು.

ಅವಳು ವಿಯೆಟ್ನಾಂ ಮೂಲದವಳು, ನನ್ನದೇ ಆಫೀಸಿನವಳು. ಮನೆಯಿದ್ದ ಎಡಿಸನ್‌ನಿಂದ ಆಫೀಸಿದ್ದ ಪಾರ್ಸಿಪನಿಗೆ ಆರು ವರ್ಷ ಒಂದೇ ಕಾರಿನಲ್ಲಿ ಓಡಾಡಿದ್ದೆವು. ಲೇಖನದ ಸುದ್ದಿ ಕೇಳಿದವಳೇ ಅಜ್ಜನ ನೋಟೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟಳು. ಅಲ್ಲಿ ಫ್ರೆಂಚರ ಕಾಲದಲ್ಲಿ ನಡೆಯುತ್ತಿದ್ದ ಹಣ, ಪಿಯಾಸ್ತರ್. ಮುಂಭಾಗದಲ್ಲಿ ಫ್ರಾನ್ಸ್ ದೇಶವೇ ಹೆಂಗಸಾಗಿ, ಕಿರೀಟ ತೊಟ್ಟು ಕೂತಿತ್ತು. ಬೆಳ್ಳಿಯ ನಾಣ್ಯ ನೋಡಿ ಬೆಳೆದ ಜನಕ್ಕೆ ಕಾಗದ ಕೊಟ್ಟು, ಇದೇ ಹಣ ಅನ್ನಿ ಎಂದವರು ಅವರು. ಅಜ್ಜ ಭತ್ತ ಕೊಟ್ಟು ಆ ನೋಟು ಪಡೆದಿದ್ದರು. ಒಂದು ದಿನ ಅದೇ ಫ್ರೆಂಚ್ ಸರ್ಕಾರ ದೊಡ್ಡ ನೋಟು ಇನ್ನು ನಡೆಯುವುದಿಲ್ಲ ಎಂದು ಸಾರಿಬಿಟ್ಟಿತು. ಸಿಟ್ಟು ತಡೆಯಲಾರದೆ ಅಜ್ಜ ಅದರ ಹಿಂಬದಿಯಲ್ಲಿ ಮಸಿಯಿಂದ ಬರೆದಿಟ್ಟರು: 'ಇದು ನನ್ನ ಒಂದು ವರ್ಷದ ಭತ್ತ.' ಅವರ ಕೈಬರಹ ಎಂದು ಉಳಿದದ್ದು ಆ ಒಂದೇ ಸಾಲು.

"ಫೋಟೋ ತೆಗೆದು ವಾಪಸ್ ಕೊಡು. ಅಜ್ಜನ ಅಕ್ಷರ ಜೋಪಾನ," ಎಂದು ಎರಡೆರಡು ಸಲ ಹೇಳಿದಳು.

ಗುರುವಾರ ಸಂಜೆ ಮುಂಭಾಗದ ಫೋಟೋ ತೆಗೆದೆ. ಸಂಚಿಕೆಗೆ ಅಷ್ಟು ಸಾಕಿತ್ತು. ಆಮೇಲೆ ನೋಟನ್ನು ದೇವರ ಮುಂದಿಟ್ಟೆ. ಬೆಲೆಯುಳ್ಳದ್ದನ್ನು ನಾವು ಇನ್ನೆಲ್ಲಿಡುತ್ತೇವೆ? ಪಾಸ್‌ಪೋರ್ಟು, ವೀಸಾ ಕಾಗದ, ಹೊಸ ಕಾರಿನ ಕೀಲಿ ಎಲ್ಲ ಅಲ್ಲಿ ಕೂತು ಎದ್ದವೇ.

ಮರುದಿನ ಶ್ರಾವಣ ಶುಕ್ರವಾರ. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅತ್ತೆ ಲಕ್ಷ್ಮಿಗೆ ಪೂಜೆ ಮಾಡಿ, ನೋಟಿನ ಹೆಂಗಸಿನ ಹಣೆಗೂ ಒದ್ದೆ ಕುಂಕುಮ ಒತ್ತಿದ್ದರು. ನಾನು ಚೀರಿದೆ.

"ಯಾಕ ಒದರ್ತಿ? ಲಕ್ಷ್ಮಿ ಯಾವ ದೇಶದಾಕಿ ಆದ್ರೇನು, ಹಣಿ ಬರಿದ ಇರಬಾರ್ದವಾ," ಎಂದರು.

ಅವಳು ಲಕ್ಷ್ಮಿಯಲ್ಲ, ದರೋಡೆಗೆ ಬಂದವಳು ಎಂದು ಹೇಳುವಷ್ಟು ಸಿಟ್ಟು ಬಂತು. ನೋಟು ತಿರುವಿದೆ. ಕೆಂಪು ಹಿಂಬದಿಗೂ ಇಳಿದು ಅಜ್ಜನ ಸಾಲಿಗೆ ಹತ್ತಿತ್ತು. ಸುಮ್ಮನೆ ಬಿಟ್ಟಿದ್ದರೆ ಅಕ್ಷರ ಕೆಂಪಾಗಿಯಾದರೂ ಇರುತ್ತಿದ್ದವು. ನಾನು ಮಹಾ ಬುದ್ಧಿವಂತೆ, ಒದ್ದೆ ಟಿಶ್ಯೂ ಹಿಡಿದು ಹಿಂಬದಿಯನ್ನು ಒರೆಸಿದೆ. ಕುಂಕುಮದ ಜೊತೆ ಮಸಿಯೂ ಕರಗಿ ಬಂತು.

ಸೋಮವಾರ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ ನೋಟು ಕೊಟ್ಟೆ. "ನಮ್ಮ ಅತ್ತೆಗೆ ಗೊತ್ತಾಗಲಿಲ್ಲ, ಕುಂಕುಮ ಹಚ್ಚಿಬಿಟ್ಟರು," ಎಂದೆ. ಟಿಶ್ಯೂವಿನ ಮಾತೇ ಎತ್ತಲಿಲ್ಲ. ಎಲ್ಲವನ್ನೂ ಆ ಮುದುಕಿಯ ತಲೆಗೆ ಕಟ್ಟಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಗೆಳತಿ ಮೊದಲು ಹಿಂಬದಿಯನ್ನೇ ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು, ಅಕ್ಷರ ಇದ್ದ ಜಾಗದಲ್ಲಿ ಬೆರಳಾಡಿಸಿದಳು.

"ಹಿಂದಿನದೂ ಫೋಟೋ ತೆಗೆದಿದ್ದೀಯಲ್ಲ?"

ಇಲ್ಲ ಎಂದೆ. ಅವಳು ನೋಟನ್ನು ಮಗುಚಿದಳು. ಕಿರೀಟದ ಹೆಂಗಸು ಹಣೆ ತುಂಬ ಕುಂಕುಮ ಇಟ್ಟುಕೊಂಡು ಕಳೆಕಳೆಯಾಗಿ ಕೂತಿದ್ದಳು.

"ನೋಡು, ಇವಳಿಗೇನೂ ಆಗಿಲ್ಲ," ಎಂದಳು. "ಇವಳಿಗೆ ಯಾವತ್ತೂ ಏನೂ ಆಗಲ್ಲ."