ಗೋಡೆ ಹತ್ತಿದ ಅಂಬುಸೊಂಡೆ

ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದ ನಾನು ಮನೆಯಲ್ಲಿ ಒಂದು ಕಟ್ಟು ಸೊಪ್ಪು ಬಿಡಿಸಿದವನಲ್ಲ. ಗಿಡಗಳ ಲ್ಯಾಟಿನ್ ಹೆಸರುಗಳು ನನಗೆ ನೆಂಟರ ಹೆಸರುಗಳಿಗಿಂತ ಚೆನ್ನಾಗಿ ನೆನಪಿರುತ್ತವೆ. ಯಾವುದನ್ನು ಹುಳಿಗೆ ಹಾಕುತ್ತಾರೆ, ಯಾವುದನ್ನು ತಂಬುಳಿಗೆ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ.

ತ್ಯಾಗರಾಜನಗರದ ನಮ್ಮ ಮನೆಯ ಗೇಟಿನ ಪಕ್ಕದ ಗೋಡೆಗೆ ಒಂದು ಮುಳ್ಳುಬಳ್ಳಿ ಹತ್ತಿತು. ಯಾರೂ ನೆಟ್ಟದ್ದಲ್ಲ, ಯಾವುದೋ ಹಕ್ಕಿ ಹಣ್ಣು ತಿಂದು ಬೀಜ ಬಿಟ್ಟು ಹೋಗಿರಬೇಕು. ಭೂತಗನ್ನಡಿ ಹಿಡಿದು ನೋಡಿದೆ. ಅಂಬುಸೊಂಡೆ. ಬದನೆಯ ಕುಲದ್ದೇ. ನಡುವೆ ಹಳದಿ ಕೇಸರಗಳಿರುವ ನೇರಳೆ ಹೂವು ನೋಡಿದರೆ ಸಾಕು, ಮನೆತನ ಗೊತ್ತಾಗುತ್ತದೆ. ಆದರೆ ಬದನೆಯಂತೆ ನೆಟ್ಟಗೆ ನಿಲ್ಲುವ ಶಕ್ತಿ ಇದಕ್ಕಿಲ್ಲ, ಹಾಗಲದಂತೆ ಸುತ್ತಿ ಹಿಡಿಯುವ ಕುಡಿಯೂ ಇಲ್ಲ. ಮೈತುಂಬ ಹಿಂದಕ್ಕೆ ಬಾಗಿದ ಪುಟ್ಟ ಮುಳ್ಳುಗಳಿವೆ. ಅವನ್ನೇ ಕೊಕ್ಕೆ ಮಾಡಿಕೊಂಡು, ಸಿಕ್ಕಿದ್ದಕ್ಕೆ ತಗುಲಿಕೊಂಡು ಮೇಲೇರುತ್ತದೆ. ಎಲೆಯ ನರದ ಮೇಲೂ ಮುಳ್ಳು. ಇಷ್ಟೆಲ್ಲ ಮೆಚ್ಚಿಕೊಂಡವನು, ಎರಡು ಸಲ ಪಂಚೆ ಸಿಕ್ಕಿ ಹರಿದ ಮೇಲೆ, ಕತ್ತರಿ ಹಿಡಿದು ಅದನ್ನು ಕಡಿಯಲು ನಿಂತೆ.

ಅಷ್ಟರಲ್ಲಿ ಸೊಪ್ಪಿನ ರತ್ನಮ್ಮ ಬಂದರು. ಓಕಳಿಪುರದಲ್ಲಿ ಅವರ ಮನೆ, ಗಿಡಗಳಿಗೆಲ್ಲ ಅವರು ಹೇಳುವುದು ತಮಿಳು ಹೆಸರು. ಮುಂಜಾನೆ ಮಾರ್ಕೆಟ್ಟಿನಲ್ಲಿ ಸೊಪ್ಪು ಹಿಡಿದು ನಮ್ಮ ಬೀದಿಗೆ ಬರುತ್ತಾರೆ.

“ಅಯ್ಯೋ ಸಾರ್, ಕಡೀಬೇಡಿ! ತೂದುವಳೆ ಅಲ್ವಾ ಅದು? ನಮ್ಮಮ್ಮ ಕೆಮ್ಮಿಗೆ ಇದನ್ನೇ ಕೊಡ್ತಿದ್ರು. ಅಮ್ಮೋರ್ಗೆ ಗಂಟ್ಲು ಕಟ್ಟಿದೆಯಲ್ಲ, ಸಾರು ಮಾಡ್ಕೊಡಿ.”

ಅಮ್ಮೋರು ಎಂದರೆ ನನ್ನ ಹೆಂಡತಿ ಸರೋಜಾ. ಬೀದಿಯ ಹತ್ತು ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅವಳ ಗಂಟಲು ಒಡೆದು ವಾರವಾಗಿತ್ತು, ರಾಮನವಮಿ ಪೆಂಡಾಲಿನಲ್ಲಿ ಮಕ್ಕಳನ್ನು ಹಾಡಿಸಲು ಮೂರು ವಾರ ಉಳಿದಿತ್ತು. ಹಾಡುವುದಿರಲಿ, ಮಾತೂ ಆಡಬೇಡಿ, ಹಟ ಮಾಡಿದರೆ ಧ್ವನಿ ಹೀಗೇ ಉಳಿದುಬಿಡಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಅವಳು ನಮ್ಮೆದುರು ಸುಮ್ಮನಿರುತ್ತಿದ್ದಳು. ಬಚ್ಚಲುಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, ಧ್ವನಿ ಬಂತೇ ಎಂದು ಷಡ್ಜ ಹಿಡಿದು ನೋಡುತ್ತಿದ್ದಳು. ನನಗೆ ಕೇಳಿಸುತ್ತಿತ್ತು. ಕೇಳಿಸಲಿಲ್ಲವೆಂಬಂತೆ ಪೇಪರ್ ಓದುತ್ತಿದ್ದೆ.

ರತ್ನಮ್ಮ ಹೇಳಿದಂತೆ ಎಳೆಯ ಎಲೆ ಕೊಯ್ದು, ಬೆನ್ನಿನ ಮುಳ್ಳು ಚಿವುಟಿ, ತುಪ್ಪದಲ್ಲಿ ಬಾಡಿಸಿ, ಮೆಣಸು ಜೀರಿಗೆಯೊಡನೆ ಅರೆದೆ. ಬೆರಳಿನಲ್ಲಿ ಐದಾರು ಕಡೆ ರಕ್ತ. ಸಾರು ಕುದಿಯುವಾಗ ನನ್ನೊಳಗಿನ ಮೇಷ್ಟ್ರು ಎಚ್ಚೆತ್ತರು. ಬದನೆಯ ಬಳಗದಲ್ಲೇ ವಿಷದ ದತ್ತೂರವೂ ಇದೆಯಲ್ಲ! ಗುರುತು ತಪ್ಪಿದ್ದರೆ? ಮೊದಲು ನಾನೇ ಒಂದು ಲೋಟ ಕುಡಿದು, ನಾಡಿ ಹಿಡಿದುಕೊಂಡು, ಗಡಿಯಾರದ ಮುಂದೆ ಕೂತೆ. ಸ್ವಲ್ಪ ಕಹಿ, ಒಳ್ಳೆಯ ಖಾರ. ಅರ್ಧ ಗಂಟೆ ಕಳೆಯಿತು.

ಸರೋಜಾ ಬಂದು ಪಿಸುಗುಟ್ಟಿದಳು. “ಇನ್ನೂ ಇದ್ದೀರಾ?”

“ಇದ್ದೀನಿ.”

“ಹಾಗಾದ್ರೆ ನಂಗೂ ಒಂದು ಲೋಟ ಕೊಡಿ.”

ಹತ್ತು ದಿನ ಸಾರು ಕುಡಿದಳು. ನನ್ನ ಭಯ ಕಂಡೋ ಏನೋ, ಆ ಹತ್ತು ದಿನ ನಲ್ಲಿಯ ಸದ್ದಿನ ಮರೆಯಲ್ಲೂ ಹಾಡಲಿಲ್ಲ. ಹನ್ನೊಂದನೆಯ ದಿನ ಧ್ವನಿ ಬಂತು, ಆದರೆ ಪೂರ್ತಿ ಬರಲಿಲ್ಲ. ತಾರಸ್ಥಾಯಿಗೆ ಹೋದರೆ ಒಡೆಯುತ್ತಿತ್ತು. ಎಲೆಯ ಗುಣ ಎಂದರು ರತ್ನಮ್ಮ. ಮೌನದ ಗುಣ ಎಂದರು ಡಾಕ್ಟರು. ಎರಡನ್ನೂ ಒಟ್ಟಿಗೆ ಮಾಡಿದ ಪ್ರಯೋಗದಿಂದ ಏನೂ ಸಿದ್ಧವಾಗದು ಎಂದು ನಾನೆಂದೆ. ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸರೋಜಾ ಒಂದು ದಿನವಿಡೀ ಮಂಕಾಗಿದ್ದಳು. ಆಮೇಲೆ ಶ್ರುತಿಪೆಟ್ಟಿಗೆಯಲ್ಲಿ ಐದನೆಯ ಮನೆಗಿದ್ದ ಶ್ರುತಿಯನ್ನು ಅರ್ಧ ಮನೆ ತಗ್ಗಿಸಿ ನಾಲ್ಕೂವರೆಗೆ ಇಳಿಸಿ, ಹೆಣ್ಣುಮಕ್ಕಳಿಗೆ ಅದರಲ್ಲೇ ಅಭ್ಯಾಸ ಶುರುಮಾಡಿದಳು. “ಮಿಸ್, ಇದು ತುಂಬಾ ಡೌನ್ ಆಯ್ತು,” ಎಂದು ಇಬ್ಬರು ಗೊಣಗಿದರು. ಮೇಘನಾ ಎಂಬ ಹುಡುಗಿ ಮಾತ್ರ ಗೊಣಗಲಿಲ್ಲ. ನಾಲ್ಕು ವರ್ಷದಿಂದ ಹಿಂದಿನ ಸಾಲಿನಲ್ಲಿ ನಿಂತು ಬರೀ ತುಟಿ ಅಲ್ಲಾಡಿಸುತ್ತಿದ್ದವಳು ಅವಳು. ರಾಮನವಮಿಯ ದಿನ ಪೆಂಡಾಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಅವಳ ಧ್ವನಿಯೇ. ಅವಳ ತಾಯಿ ಕೋಸಂಬರಿಯ ದೊನ್ನೆ ಹಿಡಿದುಕೊಂಡು ತಿನ್ನುವುದನ್ನೇ ಮರೆತು ನಿಂತಿದ್ದರು.

ಮನೆಗೆ ಬರುವ ದಾರಿಯಲ್ಲಿ ಸರೋಜಾ ಹೇಳಿದಳು. “ಇಷ್ಟು ವರ್ಷ ನನ್ನ ಗಂಟ್ಲಿಗೆ ಹೊಂದೋ ಶ್ರುತೀಲೇ ಎಲ್ರನ್ನೂ ಹಾಡಿಸ್ತಿದ್ದೆ ಕಣ್ರೀ. ನಿಂಗೆ ಇದು ಸರಿಹೋಗತ್ತೇನೇ ಅಂತ ಆ ಹುಡುಗೀನ ಒಂದ್ಸಲಾನೂ ಕೇಳ್ಲಿಲ್ಲ.”

“ಕೇಳಿದ್ರೂ ಹೇಳ್ತಿರ್ಲಿಲ್ವೇನೋ,” ಎಂದೆ.

ಅವಳು ಒಪ್ಪಲಿಲ್ಲ. ಈಗ ಪಾಠಕ್ಕೆ ಬರುವ ಒಬ್ಬೊಬ್ಬಳನ್ನೂ ಮೊದಲು ಒಂಟಿಯಾಗಿ ಹಾಡಿಸಿ, ಅವಳ ಗಂಟಲು ಎಲ್ಲಿ ನಿರಾಳವಾಗಿ ನಿಲ್ಲುತ್ತದೆ ಎಂದು ನೋಡಿ, ಆಮೇಲೆ ಶ್ರುತಿಪೆಟ್ಟಿಗೆ ಮುಟ್ಟುತ್ತಾಳೆ. ಇದರಿಂದ ಪಾಠ ಲಂಬಿಸಿ, ನನ್ನ ಸಂಜೆಯ ಕಾಫಿ ದಿನವೂ ತಡವಾಗುತ್ತದೆ. ಕಾಯುತ್ತಾ ಕೂತವನಿಗೆ ಹತ್ತೂ ಧ್ವನಿಗಳು ಬೇರೆಬೇರೆಯಾಗಿ ಕೇಳಿಸುತ್ತವೆ. ಮೊದಲೆಲ್ಲ ನನಗೆ ಅದು ಮಕ್ಕಳ ಗದ್ದಲವಷ್ಟೇ ಆಗಿತ್ತು.